ಮಾಂಟೆಸ್ಸರಿ ಫಲಕದ ಹಿಂದಿನ ಅಂಗನವಾಡಿ

2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು 'ಸರ್ಕಾರಿ ಮಾಂಟೆಸ್ಸರಿ'ಗಳಾದವು. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟದ್ದು, ತಮ್ಮ ಮಕ್ಕಳೆಲ್ಲ ಅತ್ತ ಹೋದರೆ ಗತಿಯೇನು ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು, ಅದರ ಬೆನ್ನಿಗೇ ಈ ಹೊಸ ಹೆಸರು ಬಂದದ್ದು ಎಲ್ಲರಿಗೂ ನೆನಪಿರುವ ಸಂಗತಿ. ಅಂಗನವಾಡಿಯನ್ನು ಮೇಲ್ದರ್ಜೆಗೆ ಏರಿಸಲಾಗಿದೆ ಎಂದು ಸರ್ಕಾರ ಹೇಳಿತು, ನಾವೂ ಒಪ್ಪಿಕೊಂಡೆವು. ನನ್ನ ತಕರಾರು ಇರುವುದು ಆ ಒಪ್ಪಿಗೆಯ ಬಗ್ಗೆ. ಅಂಗನವಾಡಿಯಲ್ಲಿ ಇದುವರೆಗೆ ಊಟ ಮಾತ್ರ ಇತ್ತು, ಕಲಿಸುವುದು ಈಗ ಶುರುವಾಗುತ್ತದೆ ಎಂಬ ನಂಬಿಕೆ ಅದರೊಳಗಿದೆ. 1975ರ ಅಕ್ಟೋಬರ್ 2ರಂದು ತಿ. ನರಸೀಪುರ ತಾಲ್ಲೂಕಿನಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಶುರುವಾದಾಗಲೇ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದಾಗಿತ್ತು. ಅದನ್ನು ಯಾರೂ ಕೂತು ನೋಡಲಿಲ್ಲ, ಅಷ್ಟೇ.

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಕೂತು ನೋಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದೇ ಕೋಣೆ. ಕಾರ್ಯಕರ್ತೆ ಒಂದು ಮೊರದಲ್ಲಿ ಹುಣಸೆಬೀಜ, ಅಂಟುವಾಳದ ಬೀಜ, ಸಣ್ಣ ಕಲ್ಲು ಎಲ್ಲವನ್ನೂ ಬೆರೆಸಿ ಮಕ್ಕಳ ನಡುವೆ ಇಟ್ಟು ಸುಮ್ಮನೆ ಕೂತರು. ಏನು ಮಾಡಬೇಕೆಂದು ಹೇಳಲಿಲ್ಲ. ಐದು ವರ್ಷದ ಹುಡುಗಿ ತಾನಾಗಿ ಬೇರ್ಪಡಿಸತೊಡಗಿದಳು. ಪಕ್ಕದಲ್ಲಿದ್ದ ಅವಳಿಗಿಂತ ಚಿಕ್ಕ ಹುಡುಗ ಕರಿಕಲ್ಲೊಂದನ್ನು ಎತ್ತಿ ಅಂಟುವಾಳದ ಬೀಜಗಳ ಗುಂಪಿಗೆ ಸೇರಿಸಿದ. ಹುಡುಗಿ ಕೈ ತಳ್ಳಿದಳು. ಜಗಳವಾಗುವ ಹೊತ್ತಿಗೆ ಕಾರ್ಯಕರ್ತೆ ಹುಡುಗನನ್ನು ಕೇಳಿದರು: "ಯಾಕೆ ಅಲ್ಲಿಟ್ಟೆ?" "ಎರಡೂ ಕರೀವು." ಹುಡುಗಿಯನ್ನು ಕೇಳಿದರು: "ನೀನ್ಯಾಕೆ ಬೇಡ ಅಂದೆ?" "ಇದು ಕಲ್ಲು, ಅದು ಬೀಜ." ಯಾರು ಸರಿ ಎಂದು ಅವರು ಹೇಳಲಿಲ್ಲ. ಇನ್ನೊಂದು ಕರಿಕಲ್ಲನ್ನು ತೆಗೆದು, ತಮ್ಮ ಸೆರಗು ಹಿಡಿದು ಮುಲುಗುಟ್ಟುತ್ತಿದ್ದ ಮೂರು ವರ್ಷದ ಮಗುವಿನ ಕೈಗಿಟ್ಟು, "ಇದನ್ನ ಎಲ್ಲಿಡಾಣ?" ಅಂದರು. ಮಗು ಅಳು ನಿಲ್ಲಿಸಿ ಎರಡೂ ಗುಂಪು ನೋಡಿತು, ಮೊರದ ಅಂಚಿನಲ್ಲಿ ಒಂಟಿಯಾಗಿ ಇಟ್ಟಿತು. ದೊಡ್ಡವರಿಬ್ಬರೂ ಅದನ್ನು ಒಪ್ಪಿಕೊಂಡರು. ಮೂರು ಗುಂಪುಗಳಾದವು.

ಇದರಲ್ಲಿ ನಡೆದದ್ದೇನು? ಒಂದೇ ವಸ್ತುವನ್ನು ಬಣ್ಣದಿಂದಲೂ ವಿಂಗಡಿಸಬಹುದು, ಜಾತಿಯಿಂದಲೂ ವಿಂಗಡಿಸಬಹುದು ಎಂಬ ತಿಳಿವಳಿಕೆ ಮಕ್ಕಳ ನಡುವಿನಿಂದಲೇ ಹೊರಬಂತು. ಮುಂದಿನ ಗಣಿತಕ್ಕೆಲ್ಲ ಇದು ಬುನಾದಿ. ಆ ಹೆಂಗಸಿನ ಕೌಶಲವಿರುವುದು ಉತ್ತರವನ್ನು ತಡೆಹಿಡಿದದ್ದರಲ್ಲಿ, ಎರಡೂ ಮಕ್ಕಳಿಗೆ ಒಂದೇ ತೂಕದ ಪ್ರಶ್ನೆ ಹಾಕಿದ್ದರಲ್ಲಿ. ಎಲ್ಲಕ್ಕಿಂತ ದೊಡ್ಡದು ಮೂರನೆಯ ನಡೆ. ಅಳುವ ಮಗುವನ್ನು ಸಮಾಧಾನಪಡಿಸುವ ಕೆಲಸ, ಕಲಿಸುವ ಕೆಲಸ ಎರಡನ್ನೂ ಒಂದೇ ಕಲ್ಲಿನಿಂದ ಮಾಡಿದರು. ಮೂರು ವಯಸ್ಸಿನ ಮಕ್ಕಳು ಒಂದೇ ಚಾಪೆಯ ಮೇಲೆ ಇದ್ದದ್ದರಿಂದಲೇ ಇದು ಸಾಧ್ಯವಾಯಿತು. ವಯಸ್ಸಿಗೊಂದು ತರಗತಿ ಮಾಡಿದ್ದರೆ ಆ ಹುಡುಗನಿಗೆ ಎದುರಾಡುವವರು ಇರುತ್ತಿರಲಿಲ್ಲ.

ಆಟ ಅಲ್ಲಿಗೇ ನಿಂತಿತು. ಮನೆಗೆ ಒಯ್ಯುವ ಆಹಾರಕ್ಕಾಗಿ ಬಂದ ತಾಯಿಯೊಬ್ಬರ ಮುಖವನ್ನು ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದೃಢಪಡಿಸಬೇಕಿತ್ತು. 2025ರ ಜುಲೈನಿಂದ ಈ ಮುಖ ಗುರುತಿಸುವಿಕೆ ಕಡ್ಡಾಯ. ನೆಟ್‌ವರ್ಕ್ ಸಿಗಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಕಣ್ಣು ಮಿಟುಕಿಸಿದರು. ಕಾರ್ಯಕರ್ತೆ ತಿರುಗಿ ಬರುವಷ್ಟರಲ್ಲಿ ಮೊರ ಬೋರಲಾಗಿತ್ತು.

ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಕೂಲಿಕಾರರ ಮಕ್ಕಳಿಗಾಗಿ. 1939ರಲ್ಲಿ ಅಡ್ಯಾರ್‌ಗೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು, ಭಾರತದ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಪದ್ಧತಿಯಲ್ಲಿ ರಾಜಿಗೆ ಒಗ್ಗದ ಸಂಗತಿಗಳೆಂದರೆ ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗಿರುವುದು, ಮಗು ಕೆಲಸದಲ್ಲಿ ಮುಳುಗಿದಾಗ ಅದನ್ನು ಯಾರೂ ಕೆಡಿಸದಿರುವುದು. ಮೊದಲನೆಯದು ಅಂಗನವಾಡಿಯಲ್ಲಿ ಐವತ್ತು ವರ್ಷಗಳಿಂದ ಇದೆ. ಮಾಂಟೆಸ್ಸರಿ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ಎಂದು ವಿಭಾಗಿಸಿ ನಾವು ಅದನ್ನೇ ಒಡೆಯುತ್ತಿದ್ದೇವೆ. ಎರಡನೆಯದನ್ನು ಕೆಡಿಸುವ ಫೋನನ್ನು ಸರ್ಕಾರವೇ ಕಾರ್ಯಕರ್ತೆಯರ ಕೈಗಿತ್ತಿದೆ. ಪೌಷ್ಟಿಕಾಂಶದ ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಪಡಿತರ ಸೋರಿಹೋಗಬಾರದು ನಿಜ. ಆದರೆ ಪಾಠದ ಹೊತ್ತಿನಲ್ಲಿ ಅದನ್ನು ಕಾಯಬೇಕಾದವರು ಪಾಠ ಮಾಡುವವರಲ್ಲ.

ಇಲ್ಲಿ ನನ್ನ ಜೊತೆಯ ವಿಮರ್ಶಕರೊಡನೆ ಜಗಳವಾಡಲೇಬೇಕು. ಶಿಕ್ಷಣದ ಬಗ್ಗೆ ಬರೆಯುವ ಒಂದು ವರ್ಗ ಅಂಗನವಾಡಿಯ ಮಗುವಿಗೆ ಎ, ಬಿ, ಸಿ, ಡಿ ಬರುತ್ತದೆಯೇ ಎಂದು ಕೇಳಿ, ಬರುವುದಿಲ್ಲವೆಂದು ತೀರ್ಪು ಬರೆದು ಮುಗಿಸುತ್ತದೆ. ನಾಲ್ಕು ವರ್ಷದ ಮಗು ಅಕ್ಷರ ತಿದ್ದುವುದೇ ಕಲಿಕೆ ಎಂದು ನಂಬಿದವರಿಗೆ ಆ ಮೊರದ ಆಟ ಕಾಲಹರಣದಂತೆ ಕಾಣುತ್ತದೆ. ಇನ್ನೊಂದು ವರ್ಗ ನನಗೆ ಹತ್ತಿರದವರದು. ಫ್ರೀಡಂ ಪಾರ್ಕಿನ ಧರಣಿಗಳಲ್ಲಿ ಕಾರ್ಯಕರ್ತೆಯರ ಜೊತೆ ಕೂತವರು, ಗೌರವಧನದ ಅನ್ಯಾಯವನ್ನು ಬಿಡದೆ ಬರೆದವರು. ಅವರ ಋಣ ದೊಡ್ಡದು. ಆದರೂ ಅವರ ಬರಹಗಳಲ್ಲಿ ಕಾರ್ಯಕರ್ತೆ ಯಾವಾಗಲೂ ದಣಿದ ತಾಯಿ, ಊರಿನ ಮಕ್ಕಳಿಗೆಲ್ಲ ಎರಡನೆಯ ಅಮ್ಮ. ಈ ಹೊಗಳಿಕೆಯನ್ನು ಸರ್ಕಾರ ಬಹಳ ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಏಕೆಂದರೆ ತಾಯ್ತನಕ್ಕೆ ವೇತನಶ್ರೇಣಿ ಕೊಡಬೇಕಾಗಿಲ್ಲ. ಕೇಂದ್ರ ನಿಗದಿಪಡಿಸಿದ ಗೌರವಧನ 2018ರಲ್ಲಿ 4,500 ರೂಪಾಯಿಗೆ ಏರಿತು, ರಾಜ್ಯದ 2025-26ರ ಬಜೆಟ್ ಇನ್ನೊಂದು ಸಾವಿರ ಸೇರಿಸಿತು. ಅನುಕಂಪ ಹೀಗೆ ಸಾವಿರದ ಲೆಕ್ಕದಲ್ಲಿಯೇ ಏರುತ್ತದೆ. ಆ ಹೆಂಗಸು ವೃತ್ತಿಪರ ಶಿಕ್ಷಕಿ, ಅವರ ವಿದ್ಯೆ ಇಂಥದ್ದು ಎಂದು ತೋರಿಸುವ ಕೆಲಸವನ್ನು ಇವರೂ ಮಾಡಲಿಲ್ಲ.

ನ್ಯಾಯಾಲಯ ಮಾಡಿತು. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಅದೇ ಕೋರ್ಟಿನ 2022ರ ಏಪ್ರಿಲ್‌ನ ಮಣಿಬೆನ್ ತೀರ್ಪು ಗ್ರಾಚ್ಯುಟಿ ಕೊಟ್ಟಿತೆಂದು ಎಲ್ಲರೂ ಬರೆದರು. ಅದನ್ನು ಕೊಡಲು ನ್ಯಾಯಮೂರ್ತಿ ಅಭಯ್ ಓಕಾ ಹಿಡಿದ ದಾರಿಯನ್ನು ಗಮನಿಸಿದವರು ಕಡಿಮೆ. ಮೂರರಿಂದ ಆರು ವರ್ಷದವರಿಗೆ ಇಲ್ಲಿ ನಡೆಯುವುದು ಶುದ್ಧ ಶೈಕ್ಷಣಿಕ ಚಟುವಟಿಕೆ, ಕಲಿಸುವವರು ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಎಂದು ಅವರು ಕಂಡುಕೊಂಡರು. ಸಹಾಯಕಿಯರನ್ನೂ ಸೇರಿಸಿದ್ದು ನನಗೆ ಮುಖ್ಯ. ಅಡುಗೆಗೆ ಕಾಳು ಆರಿಸುತ್ತಲೇ ಅವರು ಮಕ್ಕಳಿಗೆ ಎಣಿಸಲು ಹೇಳಿಕೊಡುವುದನ್ನು ತುಮಕೂರು ಜಿಲ್ಲೆಯ ಆ ಕೇಂದ್ರದಲ್ಲೂ ಕಂಡೆ.

ಇವತ್ತು ಪಿಯುಸಿ ಮುಗಿಸಿದ ಹಳ್ಳಿಯ ಹುಡುಗಿ ಚಿಕ್ಕ ಮಕ್ಕಳ ಜೊತೆ ದುಡಿಯಬೇಕೆಂದರೆ ಅವಳೆದುರು ಇರುವ ದೊಡ್ಡ ಬಾಗಿಲು ಇದೇ: ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಒಳಗೆ ಹೋದ ಮೇಲೆ ಮೇಲ್ವಿಚಾರಕಿಯಾಗುವುದೊಂದೇ ಏಣಿ. ಆ ಏಣಿ ಹತ್ತಿದರೆ ಮಕ್ಕಳಿಂದ ದೂರವಾಗಿ ರಿಜಿಸ್ಟರುಗಳ ಕಡೆ ಹೋಗಬೇಕು. ಚೆನ್ನಾಗಿ ಕಲಿಸುವವರು ಚಾಪೆಯ ಮೇಲೇ ಉಳಿದು ಮೇಲೇರುವ ದಾರಿಯಿಲ್ಲ. ಪಿಯುಸಿ ಆದವರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2023ರಲ್ಲಿ ಶುರುವಾದ 'ಪೋಷಣ್ ಭೀ ಪಢಾಯೀ ಭೀ' ಕಾರ್ಯಕ್ರಮದಲ್ಲಿ ಕಾರ್ಯಕರ್ತೆಗೆ ಮೊದಲ ಸುತ್ತಿನಲ್ಲಿ ದೊರೆತದ್ದು ಮೂರು ದಿನದ ತರಬೇತಿ. ಫಲಕಕ್ಕೆ ಬಣ್ಣ ಬಳಿಯುವ ಮೊದಲು ಇಲಾಖೆ ಆ ಆರು ತಿಂಗಳ ಕೋರ್ಸನ್ನು ಪೂರ್ತಿ ಕೊಡಲಿ, ಮುಗಿಸಿದವರಿಗೆ ಪ್ರಾಥಮಿಕ ಶಾಲಾ ಶಿಕ್ಷಕರ ವೇತನಕ್ಕೆ ಹೊಂದುವ ಶ್ರೇಣಿ ನಿಗದಿ ಮಾಡಲಿ. ತಪಾಸಣೆಗೆ ಬರುವ ಮೇಲ್ವಿಚಾರಕಿ ತೂಕದ ಪಟ್ಟಿ ನೋಡುವ ಮುನ್ನ ಒಂದು ಗಂಟೆ ಮಕ್ಕಳ ನಡುವೆ ಕೂತು, ಕಂಡದ್ದನ್ನು ವರದಿಯಲ್ಲಿ ಬರೆಯಲಿ.