ಸೆಟ್ಟೇರದ ದೈತ್ಯರು

1966ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ತೆರೆಕಂಡ ಚಿತ್ರವೊಂದರಲ್ಲಿ ಗಾಡ್ಜಿಲ್ಲಾ ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ದಕ್ಷಿಣದ ಕಡಲಿನ ದ್ವೀಪವೊಂದರ ಗುಹೆಯಲ್ಲಿ ಅದು ಮೈಮರೆತು ಮಲಗಿದೆ. ಸಿಡಿಲು ಬಡಿಯುವಂತೆ ತಂತಿ ಕಟ್ಟಿ ಅದನ್ನು ಎಬ್ಬಿಸಬೇಕಾಗುತ್ತದೆ. ಎದ್ದ ಮೇಲೆ, ಕುಮಿ ಮಿಜುನೊ ನಟಿಸಿದ ದ್ವೀಪವಾಸಿ ಹುಡುಗಿಯ ಮೇಲೆ ಅದರ ಕಣ್ಣು ಬೀಳುತ್ತದೆ, ಅವಳನ್ನೇ ನೋಡುತ್ತ ಕೂತುಬಿಡುತ್ತದೆ. ಟೋಕಿಯೊವನ್ನು ಸುಟ್ಟು ಬೂದಿ ಮಾಡಿದ ಪ್ರಾಣಿಗೆ ಇದೆಲ್ಲಿಯ ಹೊಸ ಚಾಳಿ? ಉತ್ತರ ಸರಳ: ಆ ಕಥೆ ಅದರದ್ದಲ್ಲ. ಶಿನಿಚಿ ಸೆಕಿಜಾವಾ ಮೊದಲು ಬರೆದ ಚಿತ್ರಕಥೆಯಲ್ಲಿ ಗುಹೆಯಲ್ಲಿ ಮಲಗಿದ್ದವನು ಕಿಂಗ್ ಕಾಂಗ್. ಅಮೆರಿಕದ ರ‍್ಯಾಂಕಿನ್-ಬ್ಯಾಸ್ ಕಂಪನಿಯ ಜೊತೆ ತೋಹೋ ಸ್ಟುಡಿಯೊ ಮಾಡಬೇಕೆಂದಿದ್ದ ಚಿತ್ರ ಅದು. ಮಾತುಕತೆ ಮುರಿದು ಕಾಂಗ್ ಹೊರಟುಹೋದ, ಕಥೆ ಮಾತ್ರ ತೋಹೋದ ಮೇಜಿನ ಮೇಲೆ ಉಳಿಯಿತು. ಹೆಸರು ಬದಲಾಯಿತು, ಒಳಗಿನದು ಹಾಗೇ ಇತ್ತು. ವಿದ್ಯುತ್ತಿನಿಂದ ಬಲ ಪಡೆಯುವುದು 1962ರಲ್ಲಿ ತೋಹೋ ಕಾಂಗ್‌ಗೆ ಕೊಟ್ಟ ಗುಣ. ಹುಡುಗಿಯನ್ನು ಕಂಡು ಮೆತ್ತಗಾಗುವುದು 1933ರಿಂದಲೂ ಅವನಿಗಿದ್ದ ದೌರ್ಬಲ್ಯ.

ಜಪಾನಿಗರು ‘ಕೈಜು’ ಎನ್ನುವ ದೈತ್ಯಪ್ರಾಣಿಗಳ ಚಿತ್ರಪರಂಪರೆಯನ್ನು ತೆರೆಕಂಡ ಸಿನಿಮಾಗಳ ಸಾಲಾಗಿ ಮಾತ್ರ ನೋಡುವವರಿಗೆ ಇಂಥ ಹೊಲಿಗೆಗಳು ಎಡವಟ್ಟಿನಂತೆ ಕಾಣುತ್ತವೆ. ನನಗೆ ಅವೇ ಮುಖ್ಯ. ಈ ಪರಂಪರೆ ಸೆಟ್ಟೇರದ ಚಿತ್ರಗಳನ್ನು, ಅದರಲ್ಲೂ ಸೆಟ್ಟೇರದ ಎರಡನೇ ಭಾಗಗಳನ್ನು, ಉಂಡು ಬೆಳೆದದ್ದು. ಎಪ್ಪತ್ತು ವರ್ಷ ಬದುಕಿದ್ದಕ್ಕೂ, ನಡುವೆ ಪದೇ ಪದೇ ಟೊಳ್ಳಾದದ್ದಕ್ಕೂ ಕಾರಣ ಒಂದೇ: ಏನನ್ನೂ ಬಿಸಾಡದ ಆ ಅಭ್ಯಾಸ.

ಹುಟ್ಟೇ ಹಾಗಾಯಿತು. 1954ರಲ್ಲಿ ನಿರ್ಮಾಪಕ ತೊಮೊಯುಕಿ ತನಾಕಾ ಇಂಡೊನೇಷ್ಯಾದ ಜೊತೆ ಸೇರಿ ಯುದ್ಧಾನಂತರದ ಕಥೆಯೊಂದನ್ನು ಮಾಡಲು ಹೊರಟಿದ್ದರು. ಎರಡು ದೇಶಗಳ ಸಂಬಂಧ ಸರಿಯಿರಲಿಲ್ಲ, ಯೋಜನೆ ಬಿದ್ದುಹೋಯಿತು. ತೋಹೋದ ಪಟ್ಟಿಯಲ್ಲಿ ಖಾಲಿ ಜಾಗ, ತನಾಕಾ ಅವರ ಕೈ ಖಾಲಿ. ಅದೇ ವರ್ಷ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಸುರಿದಿತ್ತು. ದೇಶವೆಲ್ಲ ಅದೇ ಮಾತು. ಆ ಭಯದಿಂದ, ಆ ಖಾಲಿ ಜಾಗವನ್ನು ತುಂಬಲು, ‘ಗೊಜಿರಾ’ ಎದ್ದುಬಂತು. ಇಶಿರೋ ಹೊಂಡಾ ನಿರ್ದೇಶನ, ಎಯ್ಜಿ ತ್ಸುಬುರಾಯಾ ಅವರ ಟ್ರಿಕ್ ಛಾಯಾಗ್ರಹಣ, ಅಕಿರಾ ಇಫುಕುಬೆ ಸಂಗೀತ. ನವೆಂಬರ್ 3ಕ್ಕೆ ಬಿಡುಗಡೆ.

ಆ ಚಿತ್ರದ ಕೊನೆಯಲ್ಲಿ ಮುದಿ ವಿಜ್ಞಾನಿ ಯಮಾನೆ ಒಂದು ಅನುಮಾನ ಆಡುತ್ತಾನೆ: ಸತ್ತದ್ದು ಕೊನೆಯ ಗಾಡ್ಜಿಲ್ಲಾ ಅಲ್ಲದಿರಬಹುದು, ಬಾಂಬಿನ ಪರೀಕ್ಷೆಗಳು ಹೀಗೇ ನಡೆದರೆ ಇನ್ನೊಂದು ಬರಬಹುದು. ನೀತಿಯ ಎಚ್ಚರಿಕೆ ಅದು. ವ್ಯಾಪಾರದ ಕಿವಿಗೆ ಬಿದ್ದಾಗ ಮಾತ್ರ ರಕ್ತಬೀಜಾಸುರನ ವರದಂತೆ ಕೇಳಿಸಿತು. ಆರು ತಿಂಗಳು ತುಂಬುವ ಮೊದಲೇ, 1955ರ ಏಪ್ರಿಲಿನಲ್ಲಿ, ಇನ್ನೊಂದು ಬಂತು. ಹೊಂಡಾ ಇರಲಿಲ್ಲ, ಇಫುಕುಬೆಯೂ ಇರಲಿಲ್ಲ, ಮೊಟೊಯೊಶಿ ಓದಾ ಎಂಬ ನಿರ್ದೇಶಕರು ಬೇಗಬೇಗ ಕೆಲಸ ಮುಗಿಸಿಕೊಟ್ಟರು. ಅದಾದ ಮೇಲೆ ಗಾಡ್ಜಿಲ್ಲಾ ಮಂಜುಗಡ್ಡೆಯ ಕೆಳಗೆ ಏಳು ವರ್ಷ ಮಲಗಿತು. ಅದೇ 1955ರಲ್ಲಿ ಹಿದೆಒ ಉನಾಗಾಮಿ ಎಂಬವರು ಗಾಡ್ಜಿಲ್ಲಾಕ್ಕೊಬ್ಬ ವಧು, ಅದೂ ದೈತ್ಯಾಕಾರದ ಯಂತ್ರಸ್ತ್ರೀ, ಇರುವ ಚಿತ್ರಕಥೆಯೊಂದನ್ನು ಬರೆದು ಕೊಟ್ಟಿದ್ದರು. ಸ್ಟುಡಿಯೊ ಮುಟ್ಟಲಿಲ್ಲ. ಯಂತ್ರದ ಎದುರಾಳಿ ಬಂದದ್ದು 1974ರ ಮೆಕಾಗಾಡ್ಜಿಲ್ಲಾದಲ್ಲಿ. ನೇರ ಸಂಬಂಧವಿದೆ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಆದರೆ ಈ ಪರಂಪರೆಯಲ್ಲಿ ಯಾವ ಕಲ್ಪನೆಯೂ ಪೂರಾ ಸಾಯುವುದಿಲ್ಲ.

ಏಳು ವರ್ಷದ ನಿದ್ದೆ ಮುರಿದ ಬಗೆ ಈ ಇತಿಹಾಸದ ಅತ್ಯಂತ ನೋವಿನ ಪುಟ. 1933ರ ‘ಕಿಂಗ್ ಕಾಂಗ್’ಗೆ ಜೀವ ಕೊಟ್ಟ ಕಲಾವಿದ ವಿಲ್ಲಿಸ್ ಓಬ್ರಿಯನ್ ಮುಪ್ಪಿನಲ್ಲಿ ಕೆಲಸವಿಲ್ಲದೆ, ಕಾಂಗ್ ಮತ್ತು ಫ್ರಾಂಕನ್‌ಸ್ಟೈನ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕಾದಾಡುವ ಚಿತ್ರವೊಂದನ್ನು ರೇಖಾಚಿತ್ರಗಳ ಸಮೇತ ಯೋಜಿಸಿದ್ದರು. ಜಾನ್ ಬೆಕ್ ಎಂಬ ನಿರ್ಮಾಪಕ ಅದನ್ನು ಹಿಡಿದುಕೊಂಡು ಸ್ಟುಡಿಯೊಗಳ ಬಾಗಿಲು ತಟ್ಟಿದ. ಗೊಂಬೆಯನ್ನು ಚೌಕಟ್ಟಿಗೊಮ್ಮೆ ಕೂದಲೆಳೆಯಷ್ಟು ಸರಿಸಿ ಚಿತ್ರಿಸುವ ಓಬ್ರಿಯನ್ ಶೈಲಿ ದುಬಾರಿ, ಅಮೆರಿಕದಲ್ಲಿ ಯಾರೂ ಕೈಹಾಕಲಿಲ್ಲ. ಬೆಕ್ ಅದನ್ನು ತೋಹೋಗೆ ಒಯ್ದ. ಫ್ರಾಂಕನ್‌ಸ್ಟೈನ್ ಜಾಗಕ್ಕೆ ಗಾಡ್ಜಿಲ್ಲಾ ಬಂತು, ಗೊಂಬೆಯ ಜಾಗಕ್ಕೆ ರಬ್ಬರ್ ವೇಷ ತೊಟ್ಟ ಮನುಷ್ಯ. ಓಬ್ರಿಯನ್‌ಗೆ ಸುದ್ದಿಯೂ ಇಲ್ಲ, ಪಾಲೂ ಇಲ್ಲ. 1962ರ ಆಗಸ್ಟಿನಲ್ಲಿ ಚಿತ್ರ ಜಪಾನಿನಲ್ಲಿ ತೆರೆಕಂಡಿತು, ನವೆಂಬರಿನಲ್ಲಿ ಅವರು ತೀರಿಕೊಂಡರು. ತ್ಸುಬುರಾಯಾ ಟ್ರಿಕ್ ಚಿತ್ರಗಳತ್ತ ತಿರುಗಿದ್ದೇ ಓಬ್ರಿಯನ್‌ರ ಕಾಂಗ್ ನೋಡಿ ಎಂಬುದನ್ನು ನೆನೆದರೆ ಗುರುವಿನ ಕನಸನ್ನು ಶಿಷ್ಯನ ಕಾರ್ಖಾನೆ ಅರಿಯದೆಯೇ ನುಂಗಿದಂತಾಯಿತು. ಬಿಸಾಡದಿರುವುದು ಯಾವಾಗಲೂ ಮುಗ್ಧ ಗುಣವಲ್ಲ.

ಆದರೂ ಆ ಚಿತ್ರವನ್ನು ಬೈಯಲು ನನಗೆ ಮನಸ್ಸಿಲ್ಲ. ಸೆಕಿಜಾವಾ ಅದನ್ನು ಟಿವಿ ಜಾಹೀರಾತಿನ ಹುಚ್ಚಿನ ಮೇಲಿನ ವಿಡಂಬನೆಯಾಗಿ ತಿರುಗಿಸಿಬಿಟ್ಟರು: ತಾನು ಪ್ರಾಯೋಜಿಸುವ ಕಾರ್ಯಕ್ರಮವನ್ನು ಯಾರೂ ನೋಡುತ್ತಿಲ್ಲವೆಂದು ಕೊರಗುವ ಔಷಧ ಕಂಪನಿಯ ಮುಖ್ಯಸ್ಥನೊಬ್ಬ ಪ್ರಚಾರಕ್ಕೊಂದು ದೈತ್ಯ ಬೇಕೆಂದು ಹಟ ಹಿಡಿಯುತ್ತಾನೆ. ಜಪಾನಿನ ಗಾಡ್ಜಿಲ್ಲಾ ಚಿತ್ರಗಳಲ್ಲಿ ಅತಿ ಹೆಚ್ಚು ಟಿಕೆಟ್ ಮಾರಾಟವಾದದ್ದು ಇದಕ್ಕೇ. ಬಳಿಕ ಪಕ್ಕಕ್ಕಿಟ್ಟಿದ್ದ ಫ್ರಾಂಕನ್‌ಸ್ಟೈನ್‌ನನ್ನೂ ತೋಹೋ ಮರೆಯಲಿಲ್ಲ. ಗಾಡ್ಜಿಲ್ಲಾ ಎದುರು ಅವನನ್ನು ನಿಲ್ಲಿಸುವ ಚಿತ್ರಕಥೆ ಕೈಬಿಟ್ಟಾಗ, ಅವನೊಬ್ಬನನ್ನೇ ಇಟ್ಟುಕೊಂಡು 1965ರಲ್ಲಿ ಹೊಂಡಾ ಬೇರೆ ಚಿತ್ರ ಮಾಡಿದರು. ಫ್ರಾಂಕನ್‌ಸ್ಟೈನ್‌ನ ಸಾಯದ ಹೃದಯ ಜರ್ಮನಿಯಿಂದ ಹಿರೋಶಿಮಾಕ್ಕೆ ಬಂದು ಬಾಂಬಿಗೆ ಸಿಗುವ ಆರಂಭದ ದೃಶ್ಯಗಳು 1954ರ ದುಃಖವನ್ನು ಮತ್ತೆ ಮುಟ್ಟಿದವು.

ಅಮೆರಿಕದವರೂ ಇಂಥದೇ ಪ್ರಯತ್ನ ಮಾಡಿದ್ದರು. 1955ರ ಚಿತ್ರದ ಕಾದಾಟದ ತುಣುಕುಗಳನ್ನಷ್ಟೇ ಉಳಿಸಿಕೊಂಡು, ಹೊಸ ನಟರನ್ನಿಟ್ಟು, ‘ಜ್ವಾಲಾಮುಖಿ ದೈತ್ಯರು’ ಎಂಬರ್ಥದ ಚಿತ್ರ ಮಾಡುವ ಯೋಜನೆ ಅದು. ತೋಹೋ ಹೊಸ ವೇಷಗಳನ್ನೇ ಹಡಗಿಗೆ ಹಾಕಿ ಕಳಿಸಿತ್ತು. 1957ರಲ್ಲಿ ಹಣ ಹಾಕಬೇಕಿದ್ದ ಕಂಪನಿ ಬಾಗಿಲು ಹಾಕಿತು, ಕಥೆ ಮುಗಿಯಿತು.

ಪ್ರತಿಸ್ಪರ್ಧಿ ದಾಯೇ ಸ್ಟುಡಿಯೊದ್ದು ಇನ್ನೂ ತಮಾಷೆ. ಇಲಿಗಳ ಹಿಂಡು ಊರು ತಿನ್ನುವ ‘ನೆಜುರಾ’ ಚಿತ್ರಕ್ಕೆ ಅವರು ನಿಜವಾದ ಇಲಿಗಳನ್ನೇ ತಂದು ಆಟಿಕೆಯಂಥ ಕಟ್ಟಡಗಳ ನಡುವೆ ಬಿಟ್ಟರು. ಇಲಿಗಳ ಜೊತೆ ಚಿಗಟಗಳೂ ಬಂದವು, ಚಿತ್ರೀಕರಣ ನಿಂತಿತು. ಆ ಸೋಲಿನ ಬೆನ್ನಿಗೇ 1965ರಲ್ಲಿ ಹಾರುವ ಆಮೆ ‘ಗಮೆರಾ’ ಹುಟ್ಟಿತು, ನಿರ್ದೇಶಕ ನೊರಿಯಾಕಿ ಯುವಾಸಾ. ಗಮೆರಾ ಮಕ್ಕಳಿಗೆ ಅಚ್ಚುಮೆಚ್ಚಾಗಿ ವರ್ಷಕ್ಕೊಂದರಂತೆ ಬಂತು. 1971ರ ಕೊನೆಗೆ ದಾಯೇ ದಿವಾಳಿಯಾದಾಗ ‘ಗರಾಶಾರ್ಪ್’ ಎಂಬ ಹಾವಿನಂಥ ಎದುರಾಳಿಯ ಮುಂದಿನ ಚಿತ್ರ ಕಾಗದದ ಮೇಲೇ ನಿಂತಿತು.

ಇಷ್ಟೊಂದು ಅದಲುಬದಲು ಹೇಗೆ ಸಾಧ್ಯವಾಯಿತು? ಈ ಸ್ಟುಡಿಯೊಗಳಲ್ಲಿ ಕಥೆಗಿಂತ ಮೊದಲು ಬಿಡುಗಡೆಯ ತಾರೀಖು ಗೊತ್ತಾಗುತ್ತಿತ್ತು. ಬೇಸಿಗೆ ರಜೆಗೊಂದು, ಹೊಸ ವರ್ಷಕ್ಕೊಂದು. ಸಂಬಳದ ಕೆಲಸಗಾರರು, ಕಡಲಾಗಿ ತೋರಿಸುವ ದೊಡ್ಡ ನೀರಿನ ತೊಟ್ಟಿ, ಕಟ್ಟಿ ಕೆಡವುವ ಪುಟಾಣಿ ನಗರಗಳು, ಗೋದಾಮಿನಲ್ಲಿ ತೂಗುಹಾಕಿದ ರಬ್ಬರ್ ವೇಷಗಳು ಎಲ್ಲವೂ ಸಿದ್ಧ. ಹರುವೊ ನಕಾಜಿಮಾ ಅವರಂಥ ನಟ 1954ರಿಂದ 1972ರವರೆಗೆ ಆ ವೇಷದೊಳಗೆ ಬೆವರು ಸುರಿಸಿದರು. ಮೊದಲ ವೇಷದ ತೂಕವೇ ಸುಮಾರು ನೂರು ಕಿಲೊ. ಇಂಥ ಕಾರ್ಖಾನೆಗೆ ಬೇಕಾದದ್ದು ಕಾದಾಡುವ ಇಬ್ಬರು ಮತ್ತು ಕಾದಾಡಲೊಂದು ನೆಪ. ಇಬ್ಬರಲ್ಲಿ ಒಬ್ಬ ಕೈಕೊಟ್ಟರೆ ಇನ್ನೊಬ್ಬನನ್ನು ಕರೆತಂದರಾಯಿತು.

ನಷ್ಟವಾದದ್ದು ಇಲ್ಲೇ. ಯಾವ ದೈತ್ಯನ ಜಾಗಕ್ಕೆ ಯಾವ ದೈತ್ಯನನ್ನಾದರೂ ಕೂರಿಸಬಹುದಾದರೆ ಯಾವ ದೈತ್ಯನಿಗೂ ಅರ್ಥ ಉಳಿಯುವುದಿಲ್ಲ. 1954ರ ಗಾಡ್ಜಿಲ್ಲಾ ಬಾಂಬಿನ ಸಂತಾನ, ಅದನ್ನು ತೆಗೆದು ಅಲ್ಲಿ ಗೋರಿಲ್ಲವನ್ನು ನಿಲ್ಲಿಸಲಾಗದು. 1966ರದ್ದು ಸಿಡಿಲಿಗೆ ಏಳುವ ಬಾಡಿಗೆಯ ಜಟ್ಟಿ. 1975ರ ಹೊತ್ತಿಗೆ ಪ್ರೇಕ್ಷಕರ ಸಂಖ್ಯೆ ಹತ್ತು ಲಕ್ಷಕ್ಕೂ ಕೆಳಗಿಳಿದು ಸರಣಿಯೇ ನಿಂತಿತು. ಬೇಸರದ ಸಂಗತಿಯೆಂದರೆ ಆ ಕೊನೆಯ ಚಿತ್ರ, ಯುಕಿಕೊ ತಕಾಯಾಮಾ ಬರೆದದ್ದು, ಅದರ ಹಿಂದಿನ ಹಲವಕ್ಕಿಂತ ಗಂಭೀರವಾಗಿತ್ತು.

ಹೊಲಿಗೆಯಿಂದಲೇ ಹೊಸ ಅರ್ಥ ಹುಟ್ಟಿದ ಉದಾಹರಣೆಯೂ ಇದೆ. 2001ರಲ್ಲಿ ನಿರ್ದೇಶಕ ಶುಸುಕೆ ಕನೆಕೊ ಗಾಡ್ಜಿಲ್ಲಾ ಎದುರು ವರಾನ್, ಬಾರಗೋನ್, ಆಂಗಿರಸ್ ಎಂಬ ಮೂರು ಸಣ್ಣ ದೈತ್ಯರನ್ನು ನಿಲ್ಲಿಸಬೇಕೆಂದಿದ್ದರು. ಜನಪ್ರಿಯ ಹೆಸರು ಬೇಕೆಂದು ತೋಹೋ ಹಟ ಹಿಡಿದು ಇಬ್ಬರನ್ನು ಬದಲಿಸಿತು. ಯಾವತ್ತೂ ಲೋಕಕಂಟಕನಾಗಿದ್ದ ಮೂರು ತಲೆಯ ಕಿಂಗ್ ಗಿಡೋರಾ ಹೀಗೆ ಜಪಾನಿನ ರಕ್ಷಕನಾದ. ಅಸಂಬದ್ಧ ಎನ್ನಿ. ಆದರೆ ಪೆಸಿಫಿಕ್ ಯುದ್ಧದಲ್ಲಿ ಸತ್ತವರ ಆತ್ಮಗಳು ಗಾಡ್ಜಿಲ್ಲಾದೊಳಗೆ ಸೇರಿಕೊಂಡು ಮರೆತ ದೇಶದ ಮೇಲೆ ಸೇಡು ತೀರಿಸಿಕೊಳ್ಳಲು ಬಂದಿವೆ ಎಂಬ ಕನೆಕೊ ಕಲ್ಪನೆಯಲ್ಲಿ, ಪಾತ್ರಗಳು ತಲೆಕೆಳಗಾದದ್ದು ಒಂದು ತೀಕ್ಷ್ಣತೆಯನ್ನೇ ತಂದಿತು. ನಿರ್ದೇಶಕನಿಗೆ ಹೇಳಲು ಮಾತಿದ್ದರೆ ಎರವಲು ಪಾತ್ರವೂ ಆ ಮಾತನ್ನೇ ಆಡುತ್ತದೆ.

ಸರಣಿ ನಿಂತಿದ್ದ ದಿನಗಳಿಗೆ ಮರಳೋಣ. 1983ರಲ್ಲಿ ಸ್ಟೀವ್ ಮೈನರ್ ಎಂಬ ಅಮೆರಿಕನ್ ನಿರ್ದೇಶಕ ತ್ರೀ-ಡಿ ಗಾಡ್ಜಿಲ್ಲಾ ಮಾಡಲು ಹೊರಟ. ಚಿತ್ರಕಥೆ ಫ್ರೆಡ್ ಡೆಕ್ಕರ್, ದೃಶ್ಯರೇಖೆಗಳು ವಿಲಿಯಂ ಸ್ಟೌಟ್. ದುಬಾರಿಯೆಂದು ಸ್ಟುಡಿಯೊಗಳು ಹಿಂದೆ ಸರಿದವು. 1984ರಲ್ಲಿ ತೋಹೋ ತಾನೇ ಮತ್ತೆ ಶುರುಮಾಡಿ, ಮುಂದಿನ ಚಿತ್ರಕ್ಕೆ ಸಾರ್ವಜನಿಕರಿಂದ ಕಥೆ ಕರೆಯಿತು. ಗೆದ್ದವರು ದಂತವೈದ್ಯ ಶಿನಿಚಿರೊ ಕೊಬಾಯಾಶಿ. ಗುಲಾಬಿ ಗಿಡ, ಸತ್ತ ಮಗಳ ಜೀವಕೋಶ, ಗಾಡ್ಜಿಲ್ಲಾ ಜೀವಕೋಶ ಮೂರೂ ಬೆರೆತ ‘ಬಿಯೊಲಾಂತೆ’ ಕಥೆಯನ್ನು 1989ರಲ್ಲಿ ಕಜುಕಿ ಓಮೊರಿ ತೆರೆಗೆ ತಂದರು. ಗಳಿಕೆ ನಿರೀಕ್ಷೆಗಿಂತ ಕಡಿಮೆ. ಅದರ ಏಟು ಬಿದ್ದದ್ದು ಓಮೊರಿ ಬರೆದಿಟ್ಟಿದ್ದ ‘ಮೊಥ್ರಾ ಮತ್ತು ಬಗಾನ್’ ಚಿತ್ರಕ್ಕೆ. ಬೆಳ್ಳಿತೆರೆಗೆ ಬರಲಾಗದ ಬಗಾನ್ ಕೊನೆಗೆ 1993ರ ವಿಡಿಯೊ ಗೇಮೊಂದರಲ್ಲಿ ಕಾಣಿಸಿಕೊಂಡ!

ಇಷ್ಟೆಲ್ಲ ಹೇಳಿದ್ದು ಹಾಲಿವುಡ್‌ನ ಸೆಟ್ಟೇರದ ಎರಡನೇ ಭಾಗಕ್ಕೆ ಬರಲು. 1992ರಲ್ಲಿ ಟ್ರೈಸ್ಟಾರ್ ಸ್ಟುಡಿಯೊ ಗಾಡ್ಜಿಲ್ಲಾ ಹಕ್ಕು ಕೊಂಡಿತು. ಟೆಡ್ ಎಲಿಯಟ್ ಮತ್ತು ಟೆರಿ ರೊಸಿಯೊ ಚಿತ್ರಕಥೆ, ನಿರ್ದೇಶಕ ಯಾನ್ ಡಿ ಬಾಂಟ್, ಗ್ರಿಫಿನ್ ಎಂಬ ಎದುರಾಳಿ. ಬಜೆಟ್ ಜಗಳದಲ್ಲಿ 1994ರ ಕೊನೆಗೆ ಡಿ ಬಾಂಟ್ ಹೊರನಡೆದರು. ಆ ಚಿತ್ರಕಥೆಯನ್ನು ಅಭಿಮಾನಿಗಳು ಇವತ್ತಿಗೂ ಕಳೆದುಹೋದ ಮೇರುಕೃತಿಯಂತೆ ಓದುತ್ತಾರೆ. ನನಗೆ ಆ ಭಕ್ತಿ ಇಲ್ಲ. ಕಾಗದದ ಮೇಲಿನ ದೈತ್ಯನಿಗೆ ಜಿಪ್ ಕಾಣುವುದಿಲ್ಲ, ಬಜೆಟ್ ಮುಗಿಯುವುದಿಲ್ಲ, ಕೆಟ್ಟ ಸಂಭಾಷಣೆಯನ್ನು ಯಾವ ನಟನೂ ಬಾಯಿಬಿಟ್ಟು ಆಡಬೇಕಿಲ್ಲ. ಸೆಟ್ಟೇರದ ಚಿತ್ರ ಸೋಲುವುದೇ ಇಲ್ಲ.

ಕೆಲಸ ರೋಲಂಡ್ ಎಮ್ಮೆರಿಕ್ ಮತ್ತು ಡೀನ್ ಡೆವ್ಲಿನ್ ಕೈಗೆ ಹೋಯಿತು. 1998ರ ಮೇ ತಿಂಗಳಲ್ಲಿ ಬಂದ ಚಿತ್ರ ಜಗತ್ತಿನಾದ್ಯಂತ ಸುಮಾರು 38 ಕೋಟಿ ಡಾಲರ್ ಗಳಿಸಿತು. ಆದರೂ ಅದನ್ನು ಸೋಲೆಂದೇ ಎಲ್ಲರೂ ಎಣಿಸಿದರು. ಕೊನೆಯ ದೃಶ್ಯದಲ್ಲಿ ಬಾಂಬು ಬಿದ್ದು ನೆಲಸಮವಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಒಳಗೆ ಉಳಿದ ಒಂದು ಮೊಟ್ಟೆ ಒಡೆಯುತ್ತದೆ. ಮುಂದಿನ ಭಾಗ ಬರುತ್ತದೆ ಎಂಬ ಖಚಿತ ಸೂಚನೆ. ಟ್ಯಾಬ್ ಮರ್ಫಿ ಕಥಾಸಾರವನ್ನೂ ಬರೆದರು. ಚಿತ್ರ ಬರಲಿಲ್ಲ, ಹಕ್ಕಿನ ಅವಧಿ ಮುಗಿದುಹೋಯಿತು.

ಆ ಮೊಟ್ಟೆಯನ್ನು ಯಮಾನೆಯ ಅನುಮಾನದ ಪಕ್ಕದಲ್ಲಿಟ್ಟು ನೋಡಬೇಕು. ಯಮಾನೆ ಹೇಳುವುದು ಮನುಷ್ಯರ ಬಗ್ಗೆ: ನೀವು ಬದಲಾಗದಿದ್ದರೆ ಇದು ಮರಳುತ್ತದೆ. ಮೊಟ್ಟೆಯಲ್ಲಿ ಮನುಷ್ಯರ ಪಾಲಿಲ್ಲ, ಕಾವು ಕೊಟ್ಟರೆ ಅದು ಒಡೆಯುತ್ತದೆ ಅಷ್ಟೆ. ಎಮ್ಮೆರಿಕ್ ಚಿತ್ರ ಬಾಂಬಿನ ಹೊಣೆಯನ್ನು ಫ್ರಾನ್ಸಿನ ಪರೀಕ್ಷೆಗಳ ಮೇಲೆ ಹೊರಿಸಿ ಕೈತೊಳೆದುಕೊಂಡಿತ್ತು. ಹೀಗಾಗಿ ಎರಡನೇ ಭಾಗಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ತೋಹೋದ ಕಾರ್ಖಾನೆಯಾಗಿದ್ದರೆ ಆ ಮರಿಯನ್ನು ಯಾವುದೋ ಬೇರೆ ಕಥೆಯಲ್ಲಿ ತೂರಿಸುತ್ತಿತ್ತು. ಹಾಲಿವುಡ್‌ನಲ್ಲಿ ಎರಡನೇ ಭಾಗವೆಂದರೆ ಕರಾರಿನ ಒಂದು ಸಾಲು, ಲೆಕ್ಕ ಕೂಡದಿದ್ದರೆ ಹೊಡೆದುಹಾಕುವಂಥದ್ದು. ಮರಿಗೆ ಆಸರೆಯಾದದ್ದು ಮಕ್ಕಳ ಕಾರ್ಟೂನ್. 1998ರ ಸೆಪ್ಟೆಂಬರಿನಿಂದ 40 ಕಂತುಗಳಲ್ಲಿ ಅದು ವಿಜ್ಞಾನಿ ನಿಕ್‌ನನ್ನು ತಂದೆಯೆಂದು ನಂಬಿ, ಬೇರೆ ದೈತ್ಯರೊಂದಿಗೆ ಕಾದಾಡಿತು. ಮೂಲ ಚಿತ್ರಕ್ಕಿಂತ ಅದು ಎಷ್ಟೋ ವಾಸಿ. ತೋಹೋ ಮಾತ್ರ ಸಿಟ್ಟು ಮರೆಯಲಿಲ್ಲ: 2004ರ ‘ಫೈನಲ್ ವಾರ್ಸ್’ನಲ್ಲಿ ಅಮೆರಿಕದ ಆ ಪ್ರಾಣಿಯನ್ನು ‘ಜಿಲ್ಲಾ’ ಎಂದು ಕರೆದು, ಸಿಡ್ನಿಯಲ್ಲಿ ಗಾಡ್ಜಿಲ್ಲಾದಿಂದ ಕ್ಷಣಮಾತ್ರದಲ್ಲಿ ಮುಗಿಸಿತು.

ಈಚಿನ ಇಬ್ಬರು ನಿರ್ದೇಶಕರು ಯಮಾನೆಯ ದಾರಿಗೆ ಮರಳಿದ್ದಾರೆ. ಹಿದೆಯಾಕಿ ಅನ್ನೊ ಅವರ 2016ರ ‘ಶಿನ್ ಗಾಡ್ಜಿಲ್ಲಾ’ ಕೊನೆಯಲ್ಲಿ ದೈತ್ಯ ಟೋಕಿಯೊ ನಿಲ್ದಾಣದ ಬಳಿ ಹೆಪ್ಪುಗಟ್ಟಿ ನಿಂತಿದೆ, ಅದರ ಮೇಲೆ ಹಾಕಬೇಕಿದ್ದ ಅಣುಬಾಂಬ್ ರದ್ದಾಗಿಲ್ಲ, ತಡೆಹಿಡಿಯಲಾಗಿದೆ ಅಷ್ಟೆ. ಬಾಲದ ತುದಿಯಲ್ಲಿ ಮನುಷ್ಯರಂಥ ಆಕೃತಿಗಳು ಹೊರಚಾಚಿವೆ. ಅದಕ್ಕೆ ಎರಡನೇ ಭಾಗ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಫುಕುಶಿಮಾದ ನಂತರದ ಜಪಾನು ಆ ಸ್ಥಿತಿಯಲ್ಲೇ ಬದುಕುತ್ತಿದೆ. ತಕಾಶಿ ಯಮಾಜಾಕಿ ಅವರ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಎಲ್ಲವನ್ನೂ ಬದಿಗಿಟ್ಟು ಯುದ್ಧ ಮುಗಿದ ದಿನಗಳಿಂದ ಮತ್ತೆ ಶುರುಮಾಡಿ, ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಗೆದ್ದಿತು. ಬದುಕಿ ಬಂದ ನಾಯಕಿ ನೊರಿಕೊ ಆಸ್ಪತ್ರೆಯಲ್ಲಿ ತನ್ನವನನ್ನು ತಬ್ಬುವಾಗ ಅವಳ ಕತ್ತಿನ ಮೇಲೆ ಕಪ್ಪು ಕಲೆಯೊಂದು ಹರಿದಾಡುತ್ತದೆ. ಮುಂದಿನ ಚಿತ್ರ ಯಮಾಜಾಕಿಯವರೇ ಮಾಡುವುದೆಂದು ಘೋಷಣೆಯಾಗಿದೆ. ಆ ಕಲೆ ವಿಕಿರಣದ ನೆನಪೋ, ಮ್ಯಾಡಿಸನ್ ಸ್ಕ್ವೇರಿನ ಇನ್ನೊಂದು ಮೊಟ್ಟೆಯೋ ಎಂಬುದನ್ನು ಆ ಚಿತ್ರವೇ ಹೇಳಬೇಕು.