ಕೂಡಲೊಂದು ಕಟ್ಟೆ

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಮೊದಲು ಎದುರಾಗುವ ಮಾತು, “ಸೂಟಿಗೆ ಎಲ್ಲಿ ಹೋಗಿದ್ರಿ?” ಗೋವಾ, ದಾಂಡೇಲಿ, ಗೋಕರ್ಣ ಎಂದವರ ಸುತ್ತ ನಾಲ್ಕು ಮಂದಿ ಸೇರುತ್ತಾರೆ. “ಎಲ್ಲೂ ಇಲ್ರಿ, ಊರಾಗ ಇದ್ವಿ” ಎನ್ನುವವರ ದನಿ ಏನೋ ಕಳೆದುಕೊಂಡವರಂತೆ ತಗ್ಗುತ್ತದೆ. ಎರಡು ವರ್ಷದಿಂದ ನಾವು ಆ ದನಿ ತಗ್ಗುವವರ ಸಾಲಿನಲ್ಲಿದ್ದೇವೆ. ಎರಡನೇ, ನಾಲ್ಕನೇ ಶನಿವಾರ ಕೂಡಿಬಂದರೂ ಬೈಲಹೊಂಗಲದಲ್ಲೇ ಇರುತ್ತೇವೆ. ಹೊರಟರೂ ಒಂದು ಬಸ್ಸಿನ ದಾರಿ ಮೀರುವುದಿಲ್ಲ. ಈ ರೂಢಿ ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂದು ಈಗ ಲೆಕ್ಕ ಹಾಕಿ ನೋಡುತ್ತಿದ್ದೇನೆ. ಅಳತೆಗೋಲು ನಮ್ಮ ಅತ್ತೆಯವರ ಮೊಣಕಾಲು. ಎಪ್ಪತ್ತು ದಾಟಿದ ಅವರು ನಿಧಾನವಾಗಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಆದರೆ ನೂರಿನ್ನೂರು ಹೆಜ್ಜೆಗೊಮ್ಮೆ, “ಒಂದೀಟ ಕುಂಡ್ರತೀನಿ ತಡಿ” ಎನ್ನುತ್ತಾರೆ. ಆ ಮಾತಿಗೆ ಊರು ಏನು ಉತ್ತರ ಕೊಡುತ್ತದೆ?

ಹಳೆಯ ಬೈಲಹೊಂಗಲ ಚೆಂದದ ಉತ್ತರ ಕೊಡುತ್ತದೆ. ಪೇಟೆ, ಗುಡಿ, ಹಿಟ್ಟಿನ ಗಿರಣಿ, ಕಾಯಿಪಲ್ಲೆ, ದವಾಖಾನೆ ಎಲ್ಲವೂ ಕಾಲಳತೆಯಲ್ಲಿವೆ. ಬಂಡಿಯಲ್ಲಿ ಹತ್ತಿ, ಕಾಳು ಬರುತ್ತಿದ್ದ ಕಾಲದ ಪೇಟೆ ಇದು; ನಡೆದೇ ವ್ಯವಹಾರ ಮುಗಿಸುವವರಿಗಾಗಿ ತಾನೇ ತಾನಾಗಿ ಬೆಳೆದದ್ದು. ಓಣಿಯ ಮನೆಗಳಿಗೆ ಬಾಗಿಲ ಅಕ್ಕಪಕ್ಕ ಕಟ್ಟೆ. ಹೊತ್ತು ಏರಿದಂತೆ ನೆರಳು ಓಣಿಯ ಈ ಬದಿಯಿಂದ ಆ ಬದಿಗೆ ಸರಿಯುತ್ತದೆ, ಕೂತವರೂ ಎದ್ದು ಆಚೆ ಹೋಗಿ ಕೂಡುತ್ತಾರೆ. ಅತ್ತೆಯವರು ಇಲ್ಲಿ ದಣಿದದ್ದನ್ನು ನಾನು ಕಂಡಿಲ್ಲ. ಒಂದು ಕಟ್ಟೆಯಲ್ಲಿ ಯಾರದೋ ಬಾಣಂತನದ ಸುದ್ದಿ, ಇನ್ನೊಂದರಲ್ಲಿ ಮೆಣಸಿನಕಾಯಿ ರೇಟು, ಮೂರನೆಯದರಲ್ಲಿ ಬರೀ ನೀರು ಕುಡಿದು ಸುಮ್ಮನೆ ಕೂಡುವುದು. ಕಿಲೋಮೀಟರೂ ಇಲ್ಲದ ದಾರಿಗೆ ಒಂದೂವರೆ ತಾಸು ಹಿಡಿಯುತ್ತದೆ. ದಾಂಡೇಲಿಯವರೆಗೆ ಕಾರಿನಲ್ಲಿ ಮಡಚಿ ಕೂತು ಹೋಗಿ ನಾವು ಹುಡುಕುತ್ತಿದ್ದ ವಿಶ್ರಾಂತಿ ಆ ಒಂದೂವರೆ ತಾಸಿನಲ್ಲಿತ್ತು.

ನಮ್ಮ ನಡಿಗೆ ಹೆಚ್ಚಾಗಿ ಚನ್ನಮ್ಮನ ಸಮಾಧಿಯಲ್ಲಿ ಮುಗಿಯುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಇಂಗ್ಲಿಷರ ದೊಡ್ಡ ದಂಡು ಮರಳಿ ಬಂದು ಕೋಟೆ ಗೆದ್ದಿತು. ರಾಣಿ ಸೆರೆಯಾಗಿ ಈ ಊರಿನ ಕೋಟೆಗೆ ಬಂದಳು, 1829ರ ಫೆಬ್ರವರಿಯಲ್ಲಿ ಇಲ್ಲೇ ತೀರಿಕೊಂಡಳು. ಹೊರಗಿನಿಂದ ಬಂದವರು ಕೈಮುಗಿದು, ಫೋಟೊ ತೆಗೆಸಿಕೊಂಡು ಹತ್ತು ನಿಮಿಷದಲ್ಲಿ ಗಾಡಿ ಹತ್ತುತ್ತಾರೆ. ಊರಿನವರಿಗೆ ಅದು ಸಂಜೆಯ ಅಂಗಳ. ನಾಲ್ಕು ವರ್ಷ ಸೆರೆಯಲ್ಲಿದ್ದವಳ ಸನ್ನಿಧಿಯಲ್ಲಿ ಹೆಣ್ಣುಮಕ್ಕಳು ಯಾರಿಗೂ ಕಾರಣ ಹೇಳದೆ ಕೂತಿರುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಗಂಟಲು ತುಂಬಿ ಬರುತ್ತದೆ.

ಏಕೆಂದರೆ ಅಂಥ ಜಾಗಗಳು ಊರಲ್ಲಿ ಬಹಳಿಲ್ಲ. ಅಗಸಿಯ ಕಟ್ಟೆ, ಮರದ ಕೆಳಗಿನ ಕಟ್ಟೆ, ಚಹಾದಂಗಡಿಯ ಬಾಕು, ಎಲ್ಲವೂ ಗಂಡಸರವು. ಯಾರೂ ಬರಬೇಡಿ ಎಂದಿಲ್ಲ. ಬಾ ಎಂದೂ ಅಂದಿಲ್ಲ. ನಾನು ಅಂಗಡಿಯ ಹೊರಗೆ ನಿಂತೇ ಚಹಾ ಕುಡಿದದ್ದು ಎಷ್ಟು ಸಲವೋ. ಊರಲ್ಲಿಯೇ ಸೂಟಿ ಕಳೆಯಿರಿ ಎಂದು ಹೇಳುವವರು ಯಾರ ಸೂಟಿ ಎಂದು ಮೊದಲು ಕೇಳಿಕೊಳ್ಳಬೇಕು. ಗಂಡಸರಿಗೆ ಊರು ಯಾವಾಗಲೂ ಸೂಟಿಯ ಜಾಗವೇ ಆಗಿತ್ತು.

ಇನ್ನು ಊರ ಅಂಚಿನ ಎನ್‌ಎ ಪ್ಲಾಟುಗಳು. ಅಲ್ಲಿ ರಸ್ತೆ ಅಗಲ, ಗಾಳಿ ಬೆಳಕು ಧಾರಾಳ, ಆದರೂ ಸಂಜೆ ಒಬ್ಬರೂ ನಡೆಯುವುದಿಲ್ಲ. ಗೇಟು, ಗೇಟಿನ ಹಿಂದೆ ಕಾರು, ಕಾರಿನ ಹಿಂದೆ ಬಾಗಿಲು. ಕೊತ್ತಂಬರಿ ತರಲೂ ಬೈಕ್ ತೆಗೆಯಬೇಕು. ನಾವಿರುವುದೂ ಇಂಥಲ್ಲೇ. ಮನೆ ಕಟ್ಟಿಸುವಾಗ ಗಾಡಿಗೆ ಜಾಗ ಬಿಟ್ಟೆವು, ಕಟ್ಟೆಗೆ ಬಿಡಲಿಲ್ಲ. ಅತ್ತೆಯವರು ಮೊದಲ ದಿನವೇ, “ಕುಂಡ್ರೂದ ಎಲ್ಲಿ?” ಎಂದು ಕೇಳಿದ್ದರು. ಸೋಫಾ ತೋರಿಸಿದೆವು.

ಕಿತ್ತೂರಿಗೆ ನನ್ನ ಮಟ್ಟಿಗೆ ಹೆಚ್ಚಿನ ಅಂಕ. ಹೆದ್ದಾರಿಯ ಪಕ್ಕದ ಊರಾದರೂ ಒಳಗೆ ಪೇಟೆ ಹಾದು ಕೋಟೆಗೆ ನಡೆದೇ ಹೋಗಬಹುದು. ಅರಮನೆ ಉರುಳಿ ಗೋಡೆಗಳ ಬುಡವಷ್ಟೇ ಉಳಿದಿರುವುದರಿಂದ ಮಕ್ಕಳು ನಕ್ಷೆಯ ಮೇಲೆ ನಡೆದಂತೆ ನಡೆಯುತ್ತಾರೆ: ಇದು ಬಚ್ಚಲು, ಇದು ಬಾವಿ, ಇದು ನೀರಿನ ಕಾಲುವೆ. ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂಡಿಸಿದ ಕಿಂಡಿಯ ಮುಂದೆ ನನ್ನ ಮಗ ನಡುಮಧ್ಯಾಹ್ನ ಕಣ್ಣಿಟ್ಟು ನಿಂತಿದ್ದ. ಒಳಗಿನ ವಸ್ತುಸಂಗ್ರಹಾಲಯಕ್ಕೂ ಒಂದು ತಾಸು ಬೇಕು. ಅಕ್ಟೋಬರಿನ ಉತ್ಸವದ ದಿನಗಳು ಬೇರೆ, ಅದು ಸಂಭ್ರಮ, ವಿಶ್ರಾಂತಿಯಲ್ಲ. ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಅದರ ಮಂಟಪದ ಕಲ್ಲು ಮೇ ತಿಂಗಳಲ್ಲೂ ತಣ್ಣಗಿರುತ್ತದೆ. ಅತ್ತೆಯವರು ಅಲ್ಲಿಂದ ಏಳಲು ಒಪ್ಪಲಿಲ್ಲ.

ಸವದತ್ತಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಎಲ್ಲಮ್ಮನ ಗುಡ್ಡದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳಿವೆ. ಇಲ್ಲಿ ಆರಾಮವೆಲ್ಲಿ ಎಂದು ಮೊದಲು ಮುಖ ಸಿಂಡರಿಸಿದ್ದೆ. ಆಮೇಲೆ ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಹೋದೆವು. ನಡೆದು ಬಂದವರು, ಬಂಡಿ ಕಟ್ಟಿಕೊಂಡು ಬಂದವರು, ಮೈಗೆಲ್ಲ ಭಂಡಾರ ಹಚ್ಚಿಕೊಂಡವರು, ಸಿಕ್ಕಲ್ಲಿ ಮೂರು ಕಲ್ಲು ಹೂಡಿ ಹೋಳಿಗೆ, ಕಡಬು ಮಾಡಿ, ಪಡ್ಡಲಗಿ ತುಂಬಿಸಿ, ಕೌದಿ ಹಾಸಿ ಒರಗಿದ್ದರು. ಹೆಂಗಸರೇ ಹೆಚ್ಚು. ಕಾಲು ನೀಡಿ, ತಲೆ ಬಿಚ್ಚಿ, ಗಟ್ಟಿಯಾಗಿ ನಗುತ್ತ. ಅವರು ಯಾವ ಬೆಂಚಿಗೂ ಕಾದಿರಲಿಲ್ಲ. ಕೂಡುವ ಜಾಗವನ್ನು ಹೆಗಲ ಮೇಲೆ ತಂದಿದ್ದರು. ಅಂದಿನಿಂದ ನಮ್ಮ ಚೀಲದಲ್ಲೂ ಒಂದು ಕೌದಿ ಇರುತ್ತದೆ. ಕೆಳಗೆ ಊರೊಳಗಿನ ಕೋಟೆ 18ನೇ ಶತಮಾನದ್ದು, ಶಿರಸಂಗಿ ದೇಸಾಯರದು. ನವಿಲುತೀರ್ಥದ ಜಲಾಶಯ ನೋಡಲು ಸೊಗಸು, ನಡೆಯುವವರಿಗೆ ಅಲ್ಲ.

ರಾಮದುರ್ಗದ ನೇಕಾರರ ಓಣಿಗಳಲ್ಲಿ ಮಗ್ಗದ ಸಪ್ಪಳವೇ ದಾರಿ ತೋರಿಸುತ್ತದೆ. ಒಂದು ಮನೆಯ ಸದ್ದು ಮುಗಿಯುವಷ್ಟರಲ್ಲಿ ಇನ್ನೊಂದರದು ಕಿವಿಗೆ ಬೀಳುತ್ತದೆ. 2019ರ ಆಗಸ್ಟಿನಲ್ಲಿ ಉಕ್ಕಿ ತಾಲ್ಲೂಕಿನ ಊರೂರಿಗೆ ನುಗ್ಗಿದ ಮಲಪ್ರಭೆಯನ್ನು ಇಲ್ಲಿಯವರು ಇಂದಿಗೂ ಸಲಿಗೆಯಿಂದ ನೋಡುವುದಿಲ್ಲ. ನಾವು ಹೋದ ದಿನ ಮಗ್ಗ ನಡೆದಿದ್ದವು. ನಮ್ಮ ರವಿವಾರ ಅವರ ರವಿವಾರವಲ್ಲ ಎಂಬುದು ಆಗ ಹೊಳೆಯಿತು. ಮುಂಬೈ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ರವಿವಾರದ ರಜೆ ಪಡೆದರು. ನಮ್ಮ ಕಡೆಯ ರೈತರು ಅದಕ್ಕೂ ಮೊದಲಿನಿಂದ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ, ಬಸವಣ್ಣನ ವಾರ ಎಂದು. ಅಂದು ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಎತ್ತಿನ ಮೈ ತೊಳೆದು, ಮೇವು ಹಾಕಿ, ಕಟ್ಟೆಗೆ ಬಂದು ಕೂಡುತ್ತಿದ್ದರು. ಹೆಂಗಸರಿಗೆ ಆ ಸೋಮವಾರವೂ ರೊಟ್ಟಿ ಬಡಿಯುವುದು ತಪ್ಪಿರಲಿಲ್ಲ ಎಂದು ಅತ್ತೆಯವರು ನೆನಪಿಸುತ್ತಾರೆ.

ಹೋದ ದೀಪಾವಳಿಯ ಮುಂಚೆ ಗೌಂಡಿಯನ್ನು ಕರೆಸಿ ಕಂಪೌಂಡ್ ಗೋಡೆಯನ್ನು ಎರಡು ಅಡಿ ಒಳಗೆ ಸರಿಸಿದೆವು. ಹೊರಗೆ ಒಂದು ಕಟ್ಟೆ, ಪಕ್ಕದಲ್ಲಿ ಬೇವಿನ ಸಸಿ. ಕಾರು ಈಗ ತುಸು ಇಕ್ಕಟ್ಟಿನಲ್ಲಿ ನಿಲ್ಲುತ್ತದೆ. ಸಿಮೆಂಟ್ ಒಣಗಿ ಮೂರನೇ ದಿನ, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಬರುವ ಹೆಣ್ಣುಮಗಳು ನಮ್ಮನ್ನು ಕೇಳದೆಯೇ ಗಡಿಗೆ ಇಳಿಸಿ ಕೂತಳು. ಅತ್ತೆಯವರು ಒಳಗಿನಿಂದ ಬಂದು ನೋಡಿದರು.

“ಒಂದೀಟ ಕುಂತೇನ್ರಿ ಯವ್ವಾ,” ಎಂದಳು ಅವಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

“ಕುಂಡ್ರವಾ,” ಎಂದು ಅತ್ತೆಯವರು ಗಡಿಗೆಯನ್ನು ಆಚೆ ಸರಿಸಿ ತಾವೂ ಕೂತರು.