ಕುದುರೆಯ ಹೃದಯಕ್ಷೇತ್ರ ಎಷ್ಟು ದೂರ ಹರಡುತ್ತದೆ?

ನಿಸರ್ಗದ ನಡುವೆ ಕುಳಿತು ಚಿತ್ರ ಬಿಡಿಸುವುದು, ಆವೆಮಣ್ಣಿನಲ್ಲಿ ಆಕೃತಿ ಮಾಡುವುದು, ಹಾಡು, ಕುಣಿತ, ಇವುಗಳ ಜೊತೆಗೆ ಕುದುರೆಯ ಒಡನಾಟ - ಇಷ್ಟರಿಂದ ಮನಸ್ಸಿನ ಗಾಯ ಮಾಯುತ್ತದೆ ಎಂಬ ವಿಚಾರ ಪಾಶ್ಚಾತ್ಯ ದೇಶಗಳಲ್ಲಿ ಹಲವು ದಶಕಗಳಿಂದ ಇದೆ. ಬೆಂಗಳೂರಿನಂತಹ ನಗರಗಳಿಗೂ ಅದು ಬಂದಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿ ಇದಕ್ಕೆ ಹೇಳಿ ಮಾಡಿಸಿದ ಜಾಗವೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಒಂದಿಷ್ಟು ಮೂಡಣಕ್ಕೆ ಹೋದರೆ ಕೊಲ್ಲೂರಿನ ಕಾಡು. ಇದನ್ನು ನೋಡಿ ಮನಸ್ಸು ಹಗುರಾಗುತ್ತದೆ ಎನ್ನಲು ಯಾವ ಪ್ರಯೋಗವೂ ಬೇಡ.

ಆದರೆ ಹಗುರಾಗುವುದು ಬೇರೆ, ಚಿಕಿತ್ಸೆ ಬೇರೆ. ಮಾತು ತಡವಾದ ಮಗುವಿನ ತಂದೆತಾಯಿ, ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟ ಹುಡುಗಿಯ ಪೋಷಕರು ಮೊದಲು ಸಲಹೆ ಕೇಳುವುದು ಶಾಲೆಯ ಉಪಾಧ್ಯಾಯರನ್ನು. ‘ಇಂಥ ಶಿಬಿರಕ್ಕೆ ಕಳಿಸಬಹುದೇ ಸಾರ್?’ ಎಂದು ಅವರು ಕೇಳಿದಾಗ ಉತ್ತರ ತೂಕದ್ದಾಗಿರಬೇಕು. ಹಣ ಮಾತ್ರವಲ್ಲ, ಸಮಯವೂ ಪಣಕ್ಕಿದೆ. ಸ್ವಲೀನತೆಯ ಮಗುವಿಗೆ ಮೂರನೆಯ ವರ್ಷದಲ್ಲಿ ಸಿಗಬೇಕಾದ ತರಬೇತಿ ಆರನೆಯ ವರ್ಷಕ್ಕೆ ಸಿಕ್ಕರೆ ಕಳೆದ ಕಾಲವನ್ನು ಯಾವ ಕುದುರೆಯೂ ಹಿಂದಕ್ಕೆ ತರಲಾರದು. ಆದ್ದರಿಂದ ಈ ಚಿಕಿತ್ಸೆಯ ಪರವಾಗಿ ಹೇಳಲಾಗುವ ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

ಭೌತವಿಜ್ಞಾನದವನಿಗೆ ಮೊದಲು ಕಣ್ಣಿಗೆ ಬೀಳುವುದು ಒಂದು ಸಂಖ್ಯೆ. ಕುದುರೆಯ ಹೃದಯದ ವಿದ್ಯುತ್ಕಾಂತ ಕ್ಷೇತ್ರ ಮನುಷ್ಯನದಕ್ಕಿಂತ ಐದು ಪಟ್ಟು ದೊಡ್ಡದು, ಅದು ಬಳಿಯಲ್ಲಿ ನಿಂತವರ ಹೃದಯದ ಲಯವನ್ನು ತನ್ನ ಲಯಕ್ಕೆ ಒಗ್ಗಿಸಿ ಶಾಂತಗೊಳಿಸುತ್ತದೆ ಎಂಬ ಮಾತು ಜಗತ್ತಿನಾದ್ಯಂತ ಇಂಥ ಶಿಬಿರಗಳ ಪ್ರಚಾರದಲ್ಲಿ ಮತ್ತೆ ಮತ್ತೆ ಬರುತ್ತದೆ. ಇದರಲ್ಲಿ ನಿಜದ ಒಂದು ಎಳೆ ಇದೆ. ಹೃದಯದ ಸ್ನಾಯುಗಳಲ್ಲಿ ವಿದ್ಯುತ್ ಪ್ರವಹಿಸುವುದರಿಂದ ಅದರ ಸುತ್ತ ಕಾಂತಕ್ಷೇತ್ರ ಉಂಟಾಗಲೇಬೇಕು. 1963ರಲ್ಲಿ ಅಮೆರಿಕದ ಬೌಲ್ ಮತ್ತು ಮ್ಯಾಕ್‌ಫೀ ಎಂಬ ವಿಜ್ಞಾನಿಗಳು ಲಕ್ಷಗಟ್ಟಲೆ ಸುತ್ತುಗಳ ತಂತಿ ಸುರುಳಿ ಬಳಸಿ ಅದನ್ನು ಮೊದಲ ಬಾರಿಗೆ ಅಳೆದರು. ಎದೆಯ ಸಮೀಪದಲ್ಲಿ ಅದರ ಗರಿಷ್ಠ ಪ್ರಮಾಣ ಸುಮಾರು 100 ಪಿಕೊಟೆಸ್ಲಾ, ಅಂದರೆ 10⁻¹⁰ ಟೆಸ್ಲಾ.

ಇದು ಎಷ್ಟು ಸಣ್ಣದು? ನಮ್ಮ ಕರಾವಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಎದೆಗೆ ತಾಗಿಕೊಂಡಂತೆ ಇರುವ ಹೃದಯಕ್ಷೇತ್ರಕ್ಕಿಂತ ಅದು ನಾಲ್ಕು ಲಕ್ಷ ಪಟ್ಟು ಹೆಚ್ಚು. ದೂರ ಸರಿದಂತೆ ಹೃದಯವನ್ನು ಒಂದು ದ್ವಿಧ್ರುವಿಯಂತೆ ಪರಿಗಣಿಸಬಹುದು. ದ್ವಿಧ್ರುವಿಯ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಹೃದಯದಿಂದ 10 ಸೆಂಟಿಮೀಟರಿನಲ್ಲಿ 100 ಪಿಕೊಟೆಸ್ಲಾ ಇದ್ದರೆ ಒಂದು ಮೀಟರಿನಲ್ಲಿ ಅದು ಸಾವಿರ ಪಟ್ಟು ಕಡಿಮೆ, ಅಂದರೆ 0.1 ಪಿಕೊಟೆಸ್ಲಾ. ಮನುಷ್ಯನ ಹೃದಯ ಸುಮಾರು 300 ಗ್ರಾಂ, ಕುದುರೆಯದು 4 ಕಿಲೋಗ್ರಾಂ ಆಸುಪಾಸು. ಉದಾರವಾಗಿ, ಐದಲ್ಲ, ಹತ್ತು ಪಟ್ಟೇ ಕೊಡೋಣ. ಆಗಲೂ ಒಂದು ಮೀಟರಿನಲ್ಲಿ ಸಿಗುವುದು ಒಂದು ಪಿಕೊಟೆಸ್ಲಾ. ಗೋಡೆಯೊಳಗಿನ ವಿದ್ಯುತ್ ತಂತಿಯಿಂದ ನಮ್ಮ ಮನೆಗಳಲ್ಲಿ ಹರಡುವ 50 ಹರ್ಟ್ಸ್ ಕ್ಷೇತ್ರವೇ ಇದರ ಹತ್ತು ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಕ್ಷೇತ್ರದಿಂದಲೇ ಮನಶ್ಶಾಂತಿ ಎನ್ನುವುದಾದರೆ ಮನೆಯ ಸ್ವಿಚ್‌ಬೋರ್ಡಿನ ಬಳಿ ನಿಂತವರು ಪರಮಶಾಂತರಾಗಿರಬೇಕಿತ್ತು!

ಇಂಥ ಕ್ಷೇತ್ರವನ್ನು ಅಳೆಯಲು ದ್ರವ ಹೀಲಿಯಮ್‌ನಲ್ಲಿ ತಣಿಸಿದ ಸ್ಕ್ವಿಡ್ ಎಂಬ ಅತಿವಾಹಕ ಸಾಧನ ಮತ್ತು ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ವಿಶೇಷ ಕೋಣೆ ಬೇಕು. ನಮ್ಮ ದೇಶದಲ್ಲಿ ಕಲ್ಪಾಕ್ಕಮ್‌ನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅಂಥ ವ್ಯವಸ್ಥೆ ಇದೆ. ವಲಸೆ ಹಕ್ಕಿಗಳು ಕಾಂತಕ್ಷೇತ್ರವನ್ನು ಗ್ರಹಿಸುವುದಿಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಗ್ರಹಿಸುತ್ತವೆ, ಆದರೆ ಅವು ಗ್ರಹಿಸುವುದು ಭೂಮಿಯ ಕ್ಷೇತ್ರವನ್ನು, ಅದರ ಕೋಟ್ಯಂಶವನ್ನಲ್ಲ. ಹೃದಯಕ್ಷೇತ್ರದ ವಾದವನ್ನು ಇಲ್ಲಿಗೆ ಬಿಡಬಹುದು.

ಎರಡನೆಯ ಮಾತು ಜಲಪಾತ ಮತ್ತು ಕಡಲ ನೊರೆಯ ‘ಋಣ ಅಯಾನು’ಗಳದ್ದು. ನೀರು ಸಿಡಿದಾಗ ಗಾಳಿಯಲ್ಲಿ ಋಣ ವಿದ್ಯುದಂಶ ಹೆಚ್ಚುವುದನ್ನು 1892ರಲ್ಲಿಯೇ ಲೆನಾರ್ಡ್ ವಿವರಿಸಿದ್ದ. ಬೈಂದೂರಿನ ಕಡೆಯ ಕೂಸಳ್ಳಿ ಜಲಪಾತದಲ್ಲಿಯೂ ಅದೇ ನಡೆಯುತ್ತದೆ. ಇಂಥ ಕಡೆ ಒಂದು ಘನ ಸೆಂಟಿಮೀಟರಿನಲ್ಲಿ ಹತ್ತಾರು ಸಾವಿರ ಅಯಾನುಗಳಿರಬಹುದು. ಅಷ್ಟೇ ಗಾಳಿಯಲ್ಲಿರುವ ಒಟ್ಟು ಅಣುಗಳು ಸುಮಾರು 2.5×10¹⁹. 2013ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆ ಆತಂಕ, ನಿದ್ದೆ, ಮನಃಸ್ಥಿತಿಗಳ ಮೇಲೆ ಅಯಾನುಗಳ ಸ್ಥಿರವಾದ ಪರಿಣಾಮವನ್ನು ಕಾಣಲಿಲ್ಲ. ಯಂತ್ರದಿಂದ ಅತಿ ಸಾಂದ್ರವಾಗಿ ಹೊಮ್ಮಿಸಿದ ಅಯಾನುಗಳಿಂದ ಖಿನ್ನತೆ ಕೊಂಚ ತಗ್ಗಿದ ಸೂಚನೆ ಮಾತ್ರ ಇತ್ತು.

ಹಾಗಾದರೆ ಕುದುರೆಗೆ ಮನುಷ್ಯನ ಭಾವ ತಿಳಿಯುವುದೇ ಇಲ್ಲವೇ? ತಿಳಿಯುತ್ತದೆ, ಆದರೆ ಕಣ್ಣು, ಕಿವಿ, ಚರ್ಮಗಳ ಮೂಲಕ. ಇದಕ್ಕೆ ಬರ್ಲಿನ್ನಿನ ‘ಜಾಣ ಹಾನ್ಸ್’ ಎಂಬ ಕುದುರೆಯ ಕಥೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಪ್ರತಿಯೊಂದು ವಿಜ್ಞಾನ ತರಗತಿಯಲ್ಲಿ ಅದನ್ನು ಹೇಳಬೇಕು. ಫಾನ್ ಓಸ್ಟೆನ್ ಎಂಬ ನಿವೃತ್ತ ಶಿಕ್ಷಕನ ಈ ಕುದುರೆ ಲೆಕ್ಕಗಳಿಗೆ ಗೊರಸು ಕುಟ್ಟಿ ಉತ್ತರಿಸುತ್ತಿತ್ತು. 1904ರಲ್ಲಿ ಒಂದು ಸಮಿತಿ ಪರೀಕ್ಷಿಸಿ ಮೋಸವಿಲ್ಲವೆಂದಿತು. ಅನಂತರ ಓಸ್ಕರ್ ಫುಂಗ್ಸ್ಟ್ ಒಂದು ಸರಳ ಬದಲಾವಣೆ ಮಾಡಿದ: ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿರದಂತೆ ಏರ್ಪಡಿಸಿದ. ಕುದುರೆ ತಪ್ಪತೊಡಗಿತು. ಕುಟ್ಟುವ ಎಣಿಕೆ ಸರಿಯಾದ ಸಂಖ್ಯೆಗೆ ಬಂದಾಗ ಪ್ರಶ್ನಿಸುವವನ ತಲೆ ತನಗರಿವಿಲ್ಲದೆ ಒಂದಿಷ್ಟೇ ಮೇಲೇಳುತ್ತಿತ್ತು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. 1907ರಲ್ಲಿ ಪ್ರಕಟವಾದ ಈ ಶೋಧ ಕುದುರೆಯ ಬುದ್ಧಿಯನ್ನು ಕಡಿಮೆ ಮಾಡಿತೆಂದು ಅಂದುಕೊಳ್ಳುವುದು ಸರಿಯಲ್ಲ. ಅದರ ಕಣ್ಣಿನ ಸೂಕ್ಷ್ಮತೆ ಅದ್ಭುತವಾದದ್ದೆಂದೇ ತೋರಿಸಿತು. 2016ರಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕುದುರೆಗಳಿಗೆ ಮನುಷ್ಯರ ಸಿಟ್ಟಿನ ಮುಖ ಮತ್ತು ನಗುಮುಖದ ಚಿತ್ರಗಳನ್ನು ತೋರಿಸಿದಾಗ, ಸಿಟ್ಟಿನ ಮುಖಕ್ಕೆ ಅವುಗಳ ಹೃದಯ ಬಡಿತ ಬೇಗನೆ ಏರಿತು. ಎದುರಿಗಿರುವವನ ಬಿಗುಪಿಗೆ ಇಷ್ಟು ಬೇಗ ಪ್ರತಿಕ್ರಿಯಿಸುವ ಪ್ರಾಣಿಯ ಮುಂದೆ ಒಬ್ಬ ಹುಡುಗ ತನ್ನ ನಡೆಯನ್ನು ತಾನೇ ಗಮನಿಸಲು ಕಲಿಯಬಹುದು. ಇದು ಒಪ್ಪಬಹುದಾದ ವಾದ. ಪಿಕೊಟೆಸ್ಲಾಗಳ ಹಂಗು ಇದಕ್ಕಿಲ್ಲ.

ದೇಹದ ಚಿಕಿತ್ಸೆಯಾಗಿ ಕುದುರೆ ಸವಾರಿಗೆ ಇನ್ನೂ ಗಟ್ಟಿಯಾದ ಆಧಾರವಿದೆ. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದ ಮೇಲೆ ಜಗತ್ತು ಇತ್ತ ನೋಡಿತು. ನಡೆಯುವ ಕುದುರೆಯ ಬೆನ್ನು ನಿಮಿಷಕ್ಕೆ ಸುಮಾರು ನೂರು ಬಾರಿ ಸವಾರನ ಸೊಂಟವನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ತೂಗುತ್ತದೆ. ಮನುಷ್ಯನ ನಡಿಗೆಯ ಆವೃತ್ತಿಯೂ ಹೆಚ್ಚುಕಡಿಮೆ ಅದೇ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ, ಕಾಲೂರಿ ನಡೆಯದೆಯೇ, ನಡಿಗೆಯ ತೂಗಾಟದ ಅಭ್ಯಾಸ ಸಿಗುತ್ತದೆ. ಇಲ್ಲಿ ಕಾರ್ಯಕಾರಣ ಸಂಬಂಧ ಸ್ಪಷ್ಟ, ಅಳೆಯಲೂ ಬರುತ್ತದೆ.

ಮನಸ್ಸಿನ ವಿಷಯಕ್ಕೆ ಬಂದಾಗಲೇ ತೊಡಕು. 2014ರಲ್ಲಿ ಅನೆಸ್ಟಿಸ್ ಮತ್ತು ಸಹೋದ್ಯೋಗಿಗಳು ಮಾನಸಿಕ ರೋಗಗಳಿಗೆ ಕುದುರೆ ಚಿಕಿತ್ಸೆಯ ಬಗ್ಗೆ ಅದುವರೆಗೆ ಬಂದಿದ್ದ 14 ಅಧ್ಯಯನಗಳನ್ನು ಪರಿಶೀಲಿಸಿ, ಎಲ್ಲದರಲ್ಲಿಯೂ ಗಂಭೀರ ದೋಷಗಳಿವೆ, ಅವುಗಳ ಆಧಾರದ ಮೇಲೆ ಇದನ್ನು ಚಿಕಿತ್ಸೆಯೆಂದು ಪ್ರಚಾರ ಮಾಡುವಂತಿಲ್ಲ ಎಂದು ತೀರ್ಮಾನಿಸಿದರು. ದೋಷಗಳಲ್ಲಿ ಮುಖ್ಯವಾದದ್ದು ಹೋಲಿಕೆಯ ಗುಂಪಿನ ಕೊರತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನಸ್ಸಿನ ಕಷ್ಟ ಒಂದೇ ಸಮನಾಗಿ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಜನ ಸಹಾಯ ಹುಡುಕುವುದು ಅದು ಅತಿ ಹೆಚ್ಚಾದ ವಾರದಲ್ಲಿ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಬಹುಮಂದಿಗೆ ಸ್ವಲ್ಪ ಇಳಿತವೇ ಕಾಣುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಹತ್ತು ಮಕ್ಕಳನ್ನು ಆರಿಸಿ ಎರಡನೆಯ ಪರೀಕ್ಷೆ ಮಾಡಿ ನೋಡಿ: ನೀವು ವಿಶೇಷವಾಗಿ ಏನನ್ನೂ ಕಲಿಸದಿದ್ದರೂ ಆ ಗುಂಪಿನ ಸರಾಸರಿ ಸಾಮಾನ್ಯವಾಗಿ ಮೇಲೇರಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದು ಸರಾಸರಿಯತ್ತ ಮರಳಿಕೆ. ಇದರ ಮೇಲೆ ಹೊಸ ಜಾಗ, ರಜೆ, ಗಮನ ಕೊಡುವ ಹಿರಿಯರು, ‘ಗುಣವಾಗುತ್ತದೆ’ ಎಂಬ ನಿರೀಕ್ಷೆ ಸೇರಿದರೆ, ಕುದುರೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ?

ಬೇರ್ಪಡಿಸಲು ಸಾಧ್ಯ ಎಂಬುದನ್ನು 2015ರಲ್ಲಿ ಅಮೆರಿಕದ ಗೇಬ್ರಿಯಲ್ಸ್ ತಂಡ ತೋರಿಸಿತು. ಸ್ವಲೀನತೆಯ 6ರಿಂದ 16 ವರ್ಷದ 127 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ 10 ವಾರ ಕುದುರೆ ಸವಾರಿ, ಇನ್ನೊಂದಕ್ಕೆ ಅದೇ ಲಾಯದ ವಾತಾವರಣದಲ್ಲಿ ಕುದುರೆಯ ಸಂಪರ್ಕವಿಲ್ಲದ ಚಟುವಟಿಕೆ ಕೊಡಲಾಯಿತು. ಎರಡನೆಯ ಗುಂಪಿಗಿದ್ದದ್ದು ಆಳೆತ್ತರದ ಬೊಂಬೆ ಕುದುರೆ. ಸವಾರಿ ಮಾಡಿದ ಮಕ್ಕಳಲ್ಲಿ ಕಿರಿಕಿರಿ ಮತ್ತು ಅತಿಚಟುವಟಿಕೆ ಹೆಚ್ಚು ತಗ್ಗಿದವು. ಆದರೆ ಯಾವ ಮಗು ಯಾವ ಗುಂಪಿನದೆಂದು ಅಂಕ ಕೊಡುವ ಪೋಷಕರಿಗೆ ಗೊತ್ತಿತ್ತು ಎಂಬುದನ್ನು ಮರೆಯಬಾರದು. ಸ್ವಲೀನತೆ ಗುಣವಾಯಿತೆಂದು ಆ ತಂಡ ಹೇಳಲೂ ಇಲ್ಲ. ಇಂಥ ಹದವಾದ ಫಲಿತಾಂಶ ಪ್ರಚಾರಕ್ಕೆ ಹೊರಟಾಗ ಅದರ ಹದ ಉಳಿಯುವುದಿಲ್ಲ ಎಂಬುದೇ ನನ್ನ ಆಕ್ಷೇಪ.

ನಿಸರ್ಗದ ಬಗ್ಗೆ ಹೆಸರಾದ ಅಧ್ಯಯನ ಉಲ್ರಿಕ್‌ನದು, 1984ರದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 23 ಜೋಡಿ ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸುಮಾರು ಮುಕ್ಕಾಲು ದಿನ ಮೊದಲು ಮನೆಗೆ ಹೋದರು, ತೀವ್ರವಾದ ನೋವುಶಾಮಕಗಳನ್ನೂ ಕಡಿಮೆ ಬಳಸಿದರು. ಸಣ್ಣ ಅಧ್ಯಯನ, ಆದರೆ ಜೋಡಿ ಮಾಡಿದ ಕ್ರಮ ಒಳ್ಳೆಯದು. ಕಲೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 900ಕ್ಕೂ ಹೆಚ್ಚು ಪ್ರಕಟಣೆಗಳನ್ನು ಒಟ್ಟುಗೂಡಿಸಿದ ವರದಿ ತಂದಿತು. ಅದು ಈ ಕ್ಷೇತ್ರದ ಹರವನ್ನು ತೋರಿಸುವ ಅವಲೋಕನ. ಒಂದೊಂದು ಅಧ್ಯಯನವನ್ನೂ ತೂಗಿ ಕೊಟ್ಟ ತೀರ್ಪಲ್ಲ.

ಕಲೆಯ ಮಾತು ಬಂದರೆ ಈ ಮೂರು ತಾಲ್ಲೂಕುಗಳು ಯಾರಿಂದಲೂ ಸಾಲ ತರಬೇಕಿಲ್ಲ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಟ, ನಾಟಕ, ಪ್ರಕೃತಿಗಳ ನಡುವೆ ಕಲಿಯಲು ಬಿಟ್ಟರು. ಅದನ್ನು ಅವರು ಶಿಕ್ಷಣವೆಂದು ಕರೆದರು. ಚಿಕಿತ್ಸೆಯೆಂಬ ಹಣೆಪಟ್ಟಿ ಹಚ್ಚಲಿಲ್ಲ. 1970ರ ದಶಕದಲ್ಲಿ ಶುರುವಾದ ಸಾಲಿಗ್ರಾಮ ಮಕ್ಕಳ ಮೇಳ, ಉಪ್ಪಿನಕುದ್ರುವಿನ ಕಾಮತ್ ಮನೆತನದ ಯಕ್ಷಗಾನ ಗೊಂಬೆಯಾಟ ಇಲ್ಲಿಯವೇ. ಲಯಕ್ಕೆ ಹೆಜ್ಜೆ ಹಾಕುವುದು, ಇನ್ನೊಬ್ಬರ ಪಾತ್ರದಲ್ಲಿ ಸಿಟ್ಟು ದುಃಖಗಳನ್ನು ಆಡಿ ತೋರಿಸುವುದು, ಸೂತ್ರ ಹಿಡಿದು ಗೊಂಬೆಯ ಬಾಯಲ್ಲಿ ಮಾತಾಡಿಸುವುದು - ಕಲಾಚಿಕಿತ್ಸೆಯವರು ಹೇಳುವ ಅಂಶಗಳೆಲ್ಲ ಇದರಲ್ಲಿವೆ. ಹಾಗೆಂದು ನಾಳೆಯೇ ‘ಯಕ್ಷಗಾನ ಚಿಕಿತ್ಸೆ’ ಎಂದು ಫಲಕ ಹಾಕಿದರೆ ಕುದುರೆಗೆ ಹಾಕಿದ ಪ್ರಶ್ನೆಗಳನ್ನೆಲ್ಲ ಅದಕ್ಕೂ ಹಾಕಬೇಕಾಗುತ್ತದೆ. ನಮ್ಮ ಹಟ್ಟಿಯ ಗಂಟಿಗಳಿಗೂ ಅದೇ ನಿಯಮ. 2023ರ ಫೆಬ್ರವರಿಯಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ದನವನ್ನು ಅಪ್ಪಿಕೊಳ್ಳುವ ದಿನಕ್ಕೆ ಕರೆ ಕೊಟ್ಟು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡದ್ದು ವಾಚಕರಿಗೆ ನೆನಪಿರಬಹುದು.

ಪೋಷಕರಿಗೆ ಶಿಕ್ಷಕರು ಹೇಳಬಹುದಾದದ್ದು ಇಷ್ಟು. ಮೊದಲು ವೈದ್ಯರು, ಅನಂತರ ಶಿಬಿರ. ಕೊಡುತ್ತಿರುವ ಔಷಧಿಯನ್ನು ನಿಲ್ಲಿಸಿ ಎನ್ನುವ ಶಿಬಿರಕ್ಕೆ ಕಾಲಿಡಬಾರದು. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾಮಟ್ಟಕ್ಕೆ ಒಯ್ಯುವ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ್ದು ನಮ್ಮದೇ ಬಳ್ಳಾರಿಯಲ್ಲಿ. 1996ರಿಂದ ಅದು ದೇಶದ ಕಾರ್ಯಕ್ರಮವಾಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ, ಅದೂ ಉಚಿತವಾಗಿ.

ಇನ್ನು ಕುದುರೆಯ ಪಕ್ಷದಿಂದ ಒಂದು ಲೆಕ್ಕ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಬೈಂದೂರಿನ ನೆರೆಯ ಭಟ್ಕಳದಲ್ಲಿ ಇಳಿದರೂ ಅವು ಘಟ್ಟ ಹತ್ತಿ ಒಳನಾಡಿಗೆ ಹೋದವು. ರಾಜ್ಯದಲ್ಲಿ ಕುದುರೆ ಸಾಕಣೆಗೆ ಹೆಸರಾದದ್ದು ಕುಣಿಗಲ್. ಕುದುರೆ ಮನುಷ್ಯನಂತೆ ಬೆವರಿ ತಣಿಯುವ ಪ್ರಾಣಿ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ನೀರಾವಿಯ ಒತ್ತಡ ಸುಮಾರು 5.6 ಕಿಲೊಪಾಸ್ಕಲ್. 31 ಡಿಗ್ರಿಯ ಗಾಳಿಯಲ್ಲಿ ತೇವ ಶೇಕಡಾ 35 ಇದ್ದರೆ ಅಲ್ಲಿನ ಒತ್ತಡ 1.6; ನಮ್ಮ ಕರಾವಳಿಯಂತೆ ಶೇಕಡಾ 75 ಇದ್ದರೆ 3.4. ಬೆವರು ಆರಲು ಕಾರಣವಾಗುವ ವ್ಯತ್ಯಾಸ ಒಂದು ಕಡೆ 4.0, ಇನ್ನೊಂದು ಕಡೆ 2.2. ಅಂದರೆ ಅದೇ ಉಷ್ಣತೆಯಲ್ಲಿ ಮರವಂತೆಯ ಮರಳಿನ ಮೇಲಿನ ಕುದುರೆ ಒಣನಾಡಿನ ಕುದುರೆಯ ಅರ್ಧದಷ್ಟೇ ವೇಗದಲ್ಲಿ ತಣಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಗೊರಸು ಕೊಳೆಯುವ ತೊಂದರೆ ಬೇರೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಲ್ಲಿ ಯಾರಾದರೂ ಕುದುರೆ ನಡೆಸಿದರೆ, ಆ ಪ್ರಾಣಿಗೆ ನೆರಳು, ನೀರು, ಪಶುವೈದ್ಯರ ತಪಾಸಣೆ ಇದೆಯೇ ಎಂದು ಪೋಷಕರು ಮೊದಲು ವಿಚಾರಿಸಲಿ. ಹಾವು ಕಚ್ಚಿದಾಗ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದಲೇ. ಗದ್ದೆಯಂಚಿನಲ್ಲಿ ಕೊಳಕುಮಂಡಲ ಕಚ್ಚಿಯೂ ಬದುಕಿ ಬಂದ ರೈತರು ಈ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಆ ಚಿಕಿತ್ಸೆಗೆ ಪುರಾವೆಯ ಕೊರತೆಯೂ ಇಲ್ಲ.